ಕರ್ನಲ್ ಕೋಡಿನಲ್ಲಿ ಪಾಯಿಂಟರ್, ಇಂಟಿಜರ್ ಕಾಸ್ಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಕಾಲೇಜು ಪ್ರಾಜೆಕ್ಟಿಗೋ, ತೋಟದ ಸೆನ್ಸರ್ ಬೋರ್ಡಿಗೋ, ನೀರಿನ ಮಟ್ಟ ಅಳೆಯುವ ಪೆಟ್ಟಿಗೆಗೋ ಲಿನಕ್ಸ್ ಡ್ರೈವರ್ ಬರೆಯಲು ಕೂತವರಿಗಾಗಿ ಈ ಪುಟ. ಸಿ ಭಾಷೆ ಬರುತ್ತದೆ, ಮಾಡ್ಯೂಲ್ ಕಂಪೈಲ್ ಮಾಡಿ ಲೋಡ್ ಮಾಡುವುದು ಗೊತ್ತು ಎಂದುಕೊಂಡೇ ಬರೆದಿದೆ. ಮ್ಯಾಕ್ರೋ, ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇವೆ.

ಕಂಪೈಲರ್ ವಾರ್ನಿಂಗ್ ಕೊಟ್ಟಿತು, ಕಾಸ್ಟ್ ಹಾಕಿದೆ, ವಾರ್ನಿಂಗ್ ಹೋಯಿತು. ಇನ್ನೇನು ತೊಂದರೆ?

ಹೋಗಿದ್ದು ವಾರ್ನಿಂಗ್ ಮಾತ್ರ. ಕಾಸ್ಟ್ ಹಾಕಿದರೆ "ನನಗೆ ಗೊತ್ತು, ನೀನು ಸುಮ್ಮನಿರು" ಎಂದು ಕಂಪೈಲರ್ ಬಾಯಿ ಮುಚ್ಚಿಸಿದ ಹಾಗೆ. ನಿಮಗೆ ನಿಜವಾಗಿ ಗೊತ್ತಿದ್ದರೆ ಸರಿ. ಹಾಕುವ ಮೊದಲು ಮೂರು ವಿಷಯ ನೋಡಿಕೊಳ್ಳಿ: ಹೊಸ ಟೈಪಿನಲ್ಲಿ ಅಷ್ಟು ಬಿಟ್ ಜಾಗ ಇದೆಯೇ, ಚಿಹ್ನೆ (ಪ್ಲಸ್, ಮೈನಸ್) ಬದಲಾಗುತ್ತದೆಯೇ, ಮತ್ತು ಪಾಯಿಂಟರ್ ಆಗಿದ್ದರೆ ಆ ವಿಳಾಸ ಯಾರದು, ಕರ್ನಲ್‌ದೋ, ಯೂಸರ್ ಪ್ರೋಗ್ರಾಮಿನದೋ, ಹಾರ್ಡ್‌ವೇರ್‌ದೋ. ಮೂರರಲ್ಲಿ ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಆ ಕಾಸ್ಟ್ ಬೇಡ. ಯೂಸರ್ ಪ್ರೋಗ್ರಾಮಿನಲ್ಲಿ ಈ ತಪ್ಪಾದರೆ ಆ ಪ್ರೋಗ್ರಾಮ್ ಸಾಯುತ್ತದೆ. ಕರ್ನಲ್‌ನಲ್ಲಾದರೆ ಇಡೀ ಯಂತ್ರ ನಿಲ್ಲಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ನಿಲ್ಲದೆ ಬೇರೆಯವರ ಮೆಮೊರಿಯನ್ನು ಸದ್ದಿಲ್ಲದೆ ಕೆಡಿಸುತ್ತಾ ಹೋಗುವುದು.

ಪಾಯಿಂಟರನ್ನು ಇಂಟಿಜರ್ ಆಗಿ ಇಡಬೇಕಾದರೆ ಯಾವ ಟೈಪ್ ಬಳಸಬೇಕು?

ಲಿನಕ್ಸ್ ಕರ್ನಲ್‌ನಲ್ಲಿ ಅನ್‌ಸೈನ್ಡ್ ಲಾಂಗ್, ಇಲ್ಲವೇ ಯುಇಂಟ್‌ಪಿಟಿಆರ್_ಟಿ. ಕರ್ನಲ್‌ನ ಟೈಪ್ ಫೈಲಿನಲ್ಲಿ ಎರಡನೆಯದು ಮೊದಲನೆಯದಕ್ಕೇ ಇಟ್ಟ ಇನ್ನೊಂದು ಹೆಸರು. ಲಿನಕ್ಸ್ 64 ಬಿಟ್‌ನಲ್ಲಿ ಇಂಟ್ 32 ಬಿಟ್, ಲಾಂಗ್ ಮತ್ತು ಪಾಯಿಂಟರ್ ಎರಡೂ 64 ಬಿಟ್. 32 ಬಿಟ್ ಬೋರ್ಡಿನಲ್ಲಿ ಮೂರೂ 32. ಲಾಂಗ್ ಮತ್ತು ಪಾಯಿಂಟರ್ ಒಂದೇ ಅಗಲ ಎಂಬ ನಂಬಿಕೆಯ ಮೇಲೆ ಕರ್ನಲ್ ತುಂಬಾ ಕೋಡ್ ನಿಂತಿದೆ.

ಇದನ್ನೇ ವಿಂಡೋಸ್ ಡ್ರೈವರಿಗೆ ಹೊತ್ತುಕೊಂಡು ಹೋಗಬೇಡಿ. ಅಲ್ಲಿ 64 ಬಿಟ್‌ನಲ್ಲೂ ಲಾಂಗ್ 32 ಬಿಟ್ಟೇ. ಯುಲಾಂಗ್_ಪಿಟಿಆರ್ ಬಳಸಬೇಕು.

ನಾನು ಪಾಯಿಂಟರನ್ನು ಇಂಟ್‌ನಲ್ಲೇ ಇಟ್ಟು ವಾಪಸ್ ತೆಗೆದೆ. 64 ಬಿಟ್ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಓಡುತ್ತಿದೆಯಲ್ಲ?

ಓಡುತ್ತದೆ, ಅದೇ ಅಪಾಯ. ಎಕ್ಸ್86-64ನಲ್ಲಿ ಕರ್ನಲ್ ಕೋಡ್, ಅದರ ಗ್ಲೋಬಲ್ ವೇರಿಯಬಲ್‌ಗಳು, ಲೋಡ್ ಮಾಡಿದ ಮಾಡ್ಯೂಲ್‌ಗಳು ಎಲ್ಲವೂ ವಿಳಾಸ ಶ್ರೇಣಿಯ ತುತ್ತತುದಿಯ 2 ಜಿಬಿಯಲ್ಲಿ ಕೂತಿರುತ್ತವೆ. ಆ ವಿಳಾಸಗಳ ಮೇಲಿನ 33 ಬಿಟ್‌ಗಳೂ 1. ಇಂಟ್‌ಗೆ ಹಾಕಿದಾಗ ಮೇಲಿನ 32 ಬಿಟ್ ಉದುರುತ್ತವೆ. ಉಳಿದದ್ದು ಮೈನಸ್ ಸಂಖ್ಯೆ. ವಾಪಸ್ 64ಕ್ಕೆ ಹಿಗ್ಗಿಸುವಾಗ ಸೈನ್ ಎಕ್ಸ್‌ಟೆನ್ಶನ್ ಆಗಿ ಮೇಲಿನ ಬಿಟ್‌ಗಳೆಲ್ಲ ಮತ್ತೆ 1 ಆಗುತ್ತವೆ. ಕಳೆದುಹೋದದ್ದು ಅದೃಷ್ಟವಶಾತ್ ಹಾಗೇ ಮರಳಿ ಸಿಕ್ಕಿತು.

ನಿಮ್ಮ ಸ್ಟ್ಯಾಟಿಕ್ ಬಫರ್ ತೆಗೆದು ಕೆಮ್ಯಾಲಕ್ (ಓಡುವಾಗ ಕರ್ನಲ್ ಮೆಮೊರಿ ಕೇಳುವ ಫಂಕ್ಷನ್) ಹಾಕಿ ನೋಡಿ. ಆ ಮೆಮೊರಿ ಬರುವುದು ಡೈರೆಕ್ಟ್ ಮ್ಯಾಪ್ ಪ್ರದೇಶದಿಂದ, ಅಂದರೆ ಫಿಸಿಕಲ್ ಮೆಮೊರಿಯನ್ನು ನೇರವಾಗಿ ಜೋಡಿಸಿದ ವಿಳಾಸಗಳಿಂದ. ಅಲ್ಲಿನ ವಿಳಾಸದ ಮೇಲಿನ 32 ಬಿಟ್‌ಗಳೆಲ್ಲ 1 ಇರುವುದಿಲ್ಲ, ಮೊದಲ ಸಲಕ್ಕೇ ಊಪ್ಸ್ (ಕರ್ನಲ್ ತನ್ನೊಳಗಿನ ತಪ್ಪನ್ನು ವರದಿ ಮಾಡುವ ಸಂದೇಶ). ಇಂಟ್ ಬದಲು ಅನ್‌ಸೈನ್ಡ್ ಇಂಟ್ ಇಟ್ಟಿದ್ದರೆ ಸ್ಟ್ಯಾಟಿಕ್ ಬಫರಿನಲ್ಲೇ ಸಿಕ್ಕಿಬೀಳುತ್ತಿತ್ತು, ಯಾಕೆಂದರೆ ಅದು ಹಿಗ್ಗುವಾಗ ಸೊನ್ನೆ ತುಂಬುತ್ತದೆ. ಎಆರ್‌ಎಂ64ನಲ್ಲಿ ಈ ಅದೃಷ್ಟವೂ ಇಲ್ಲ.

ಡ್ರೈವರ್ ಟೇಬಲ್‌ನ ಡೇಟಾ ಫೀಲ್ಡ್ ವಾಯ್ಡ್ ಪಾಯಿಂಟರ್. ಅದರಲ್ಲಿ ಚಿಪ್ ನಂಬರ್ 1, 2, 3 ಇಡಬಹುದೇ?

ಇಡಬಹುದು, ಎಷ್ಟೋ ಡ್ರೈವರ್‌ಗಳು ಇಡುತ್ತವೆ. ಹೊರತೆಗೆಯುವಾಗ ನೇರ ಈನಮ್‌ಗೆ ಕಾಸ್ಟ್ ಮಾಡಿದರೆ ಅಗಲ ಹೊಂದುವುದಿಲ್ಲ ಎಂದು ಕಂಪೈಲರ್ ತಕರಾರು ಮಾಡುತ್ತದೆ. ಮೊದಲು ಯುಇಂಟ್‌ಪಿಟಿಆರ್_ಟಿಗೆ, ಅಲ್ಲಿಂದ ಈನಮ್‌ಗೆ. ಇಲ್ಲಿ ಎರಡು ಮೆಟ್ಟಿಲ ಕಾಸ್ಟ್ ನ್ಯಾಯವಾದದ್ದು, ಬೆಲೆ ಚಿಕ್ಕದೆಂದು ನಿಮಗೆ ಗೊತ್ತಿದೆ. ನಂಬರನ್ನು 1ರಿಂದ ಶುರು ಮಾಡಿ. 0 ಇಟ್ಟರೆ ಅದು ನಲ್ ಪಾಯಿಂಟರ್, "ಡೇಟಾ ಸಿಗಲಿಲ್ಲ" ಎಂಬುದಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು. ಚಿಪ್‌ಗೊಂದು ಚಿಕ್ಕ ಸ್ಟ್ರಕ್ಟ್ ಮಾಡಿ ಅದರ ವಿಳಾಸ ಇಟ್ಟರೆ ಕಾಸ್ಟೇ ಬೇಕಿಲ್ಲ. ನಮ್ಮ ಓಟು ಅದಕ್ಕೇ.

ಗುಣಾಕಾರದ ಫಲವನ್ನು 64 ಬಿಟ್‌ಗೆ ಕಾಸ್ಟ್ ಮಾಡಿದ್ದೇನೆ. ಆದರೂ ಮೈನಸ್ ಬರುತ್ತಿದೆ, ಯಾಕೆ?

ಕಾಸ್ಟ್ ಆವರಣದ ಹೊರಗಿದೆ, ಅದಕ್ಕೆ. ಗೊರೂರಿನ ಹೇಮಾವತಿ ಜಲಾಶಯದ ಲೆಕ್ಕ ಹಿಡಿಯೋಣ. ಒಳಹರಿವು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಒಳಹರಿವು ಇಂಟ್‌ನಲ್ಲಿದ್ದು, (ಎಸ್64)(ಒಳಹರಿವು * 86400) ಎಂದು ಬರೆದರೆ (ಕರ್ನಲ್‌ನಲ್ಲಿ ಎಸ್ ಎಂದರೆ ಚಿಹ್ನೆಯುಳ್ಳ, ಯು ಎಂದರೆ ಚಿಹ್ನೆಯಿಲ್ಲದ ಟೈಪ್, ಮುಂದಿನ ಸಂಖ್ಯೆ ಬಿಟ್ ಅಗಲ) ಗುಣಾಕಾರ 32 ಬಿಟ್‌ನಲ್ಲೇ ನಡೆಯುತ್ತದೆ. ಕಾಸ್ಟ್ ಬರುವ ಹೊತ್ತಿಗೆ ನೀರು ಚೆಲ್ಲಿ ಆಗಿದೆ. ಇಂಟ್‌ನ ಗರಿಷ್ಠ 2,14,74,83,647. ಭಾಗಿಸಿ ನೋಡಿ: 24,855 ಕ್ಯೂಸೆಕ್ ತನಕ ಉತ್ತರ ಸರಿ, 24,856ಕ್ಕೆ ಮೈನಸ್. ಬೇಸಿಗೆಯಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಸಿಗದ ಬಗ್ ಇದು, ಮುಂಗಾರು ಜೋರಾದ ದಿನವೇ ಎದ್ದು ಕೂರುತ್ತದೆ. ಸರಿಯಾದ ದಾರಿ, ಗುಣಿಸುವ ಮೊದಲೇ ಒಂದು ಸಂಖ್ಯೆಯನ್ನು ಅಗಲ ಮಾಡುವುದು: (ಎಸ್64) ಒಳಹರಿವು * 86400.

ಒಟ್ಟು ಸಂಗ್ರಹದ್ದೂ ಇದೇ ಕಥೆ. ಹೇಮಾವತಿಯ ಪೂರ್ಣ ಸಾಮರ್ಥ್ಯ 37.103 ಟಿಎಂಸಿ, ಅಂದರೆ 3,710 ಕೋಟಿ 30 ಲಕ್ಷ ಘನ ಅಡಿ. ಯು32ನಲ್ಲಿ ಹಿಡಿಯುವುದು ಸುಮಾರು 429 ಕೋಟಿ. ತುಂಬಿದ ಜಲಾಶಯವನ್ನು ಯು32ಗೆ ಕಾಸ್ಟ್ ಮಾಡಿದರೆ 2,74,32,61,632 ಬರುತ್ತದೆ, ಅಂದರೆ 2.74 ಟಿಎಂಸಿ. ಎಸ್32 ಆದರೆ ಮೈನಸ್ 1.55 ಟಿಎಂಸಿ. ಎರಡರಲ್ಲಿ ಮೈನಸ್ಸೇ ವಾಸಿ, ನೋಡಿದ ತಕ್ಷಣ ತಪ್ಪೆಂದು ಗೊತ್ತಾಗುತ್ತದೆ. 2.74 ನೋಡಿದವರು ಬರಗಾಲ ಎಂದುಕೊಳ್ಳುತ್ತಾರೆ. (ಇಂಥ ಲೆಕ್ಕ ಕರ್ನಲ್‌ನಲ್ಲಿ ಯಾಕೆ ಎಂದು ಕೇಳಿದರೆ, ಬೇಡ. ಡ್ರೈವರ್ ಕಚ್ಚಾ ಅಳತೆ ಕೊಟ್ಟರೆ ಸಾಕು.)

ಕರ್ನಲ್‌ನೊಳಗೆ ಇದೇ ತಪ್ಪು ಪೇಜ್ ನಂಬರಿನಲ್ಲಿ ನಡೆಯುತ್ತದೆ. 32 ಬಿಟ್ ಯಂತ್ರದಲ್ಲಿ 4 ಜಿಬಿಗಿಂತ ಮೇಲಿನ ಪೇಜ್‌ನ ನಂಬರನ್ನು 12 ಬಿಟ್ ಎಡಕ್ಕೆ ಸರಿಸಿದರೆ ಮೇಲಿನ ಬಿಟ್‌ಗಳು ಉದುರುತ್ತವೆ. ಸರಿಸುವ ಮೊದಲು ಅಗಲ ಮಾಡಿ, ಅಥವಾ ಪಿಎಫ್‌ಎನ್_ಫಿಸ್ ಮ್ಯಾಕ್ರೋ ಬಳಸಿ, ಅದು ಆ ಕೆಲಸ ಮಾಡುತ್ತದೆ.

ಸೆನ್ಸರ್ 255 ಡಿಗ್ರಿ ಎಂದು ತೋರಿಸುತ್ತಿದೆ. ಸೆನ್ಸರ್ ಹಾಳಾಗಿದೆಯೇ?

ಸೆನ್ಸರ್ ಬಹುಶಃ ಮೈನಸ್ 1 ಡಿಗ್ರಿ ಎನ್ನುತ್ತಿದೆ. 12 ಬಿಟ್ ತಾಪಮಾನ ಸೆನ್ಸರಿನಲ್ಲಿ ಒಂದು ಹೆಜ್ಜೆ 0.0625 ಡಿಗ್ರಿ ಇದ್ದರೆ ಮೈನಸ್ 1 ಎಂದರೆ ಮೈನಸ್ 16 ಹೆಜ್ಜೆ, 12 ಬಿಟ್‌ನಲ್ಲಿ ಅದು 4080. ಅದನ್ನು ಹಾಗೇ ಇಂಟ್‌ಗೆ ತಂದು 16ರಿಂದ ಭಾಗಿಸಿದರೆ 255. ಎಸ್16ಗೆ ಕಾಸ್ಟ್ ಮಾಡಿದರೂ ಪ್ರಯೋಜನವಿಲ್ಲ, ಚಿಹ್ನೆಯ ಬಿಟ್ ಇರುವುದು 11ನೇ ಸ್ಥಾನದಲ್ಲಿ, 15ರಲ್ಲಲ್ಲ. ಸೈನ್_ಎಕ್ಸ್‌ಟೆಂಡ್32 ಫಂಕ್ಷನ್‌ಗೆ ಬೆಲೆಯನ್ನೂ 11 ಎಂಬ ಸ್ಥಾನವನ್ನೂ ಕೊಡಿ (ಎಣಿಕೆ 0ಯಿಂದ). ಕೆಲವು ಚಿಪ್‌ಗಳು 12 ಬಿಟ್ ಅನ್ನು 16ರಲ್ಲಿ ಎಡಕ್ಕೆ ಒತ್ತಿ ಕೊಡುತ್ತವೆ. ಅಲ್ಲಿ ಮಾತ್ರ ಎಸ್16 ಕಾಸ್ಟ್ ಮಾಡಿ 4 ಬಿಟ್ ಬಲಕ್ಕೆ ಸರಿಸಿದರೆ ಸರಿ. ಡೇಟಾಶೀಟ್ ನೋಡದೆ ಊಹಿಸಬೇಡಿ.

ನಮ್ಮ ಕಡೆ ಧನುರ್ಮಾಸದ ಚಳಿಯಲ್ಲೂ ಉಷ್ಣತೆ ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ ತೋಟದಲ್ಲಿಟ್ಟು ವರ್ಷ ಕಾದರೂ ಈ ತಪ್ಪು ಕಾಣದು. ಸೆನ್ಸರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ.

ಮಾಸ್ಕ್ ಹಾಕಿದ ಮೇಲೆ ವಿಳಾಸದ ಮೇಲಿನ ಅರ್ಧ ಸೊನ್ನೆಯಾಯಿತು. ಕೆಲವೊಮ್ಮೆ ಪೂರ್ತಿ 1 ಆಗುತ್ತದೆ. ಏನಿದು?

ಒಂದೇ ರೋಗದ ಎರಡು ಮುಖ. 64 ಬಿಟ್ ವಿಳಾಸವನ್ನು & ~(ಗಾತ್ರ - 1) ಎಂದು ಕೆಳಕ್ಕೆ ಸಮ ಮಾಡುವಾಗ ಗಾತ್ರ ಯು32 ಆಗಿದ್ದರೆ, ~ ಆಗುವುದು 32 ಬಿಟ್‌ನಲ್ಲಿ. ಹಿಗ್ಗುವಾಗ ಮೇಲೆ ಸೊನ್ನೆ ತುಂಬಿ, ಆ ಸೊನ್ನೆಗಳು ವಿಳಾಸದ ಮೇಲಿನ ಅರ್ಧವನ್ನು ಒರೆಸಿಹಾಕುತ್ತವೆ. ಗಾತ್ರ ಸೈನ್ಡ್ ಇಂಟ್ ಆಗಿದ್ದರೆ ಸೈನ್ ಎಕ್ಸ್‌ಟೆನ್ಶನ್‌ನಿಂದ ಸರಿ ಉತ್ತರವೇ ಬರುತ್ತದೆ. ಹಾಗಾಗಿ "ಗಾತ್ರ ಮೈನಸ್ ಆಗುವುದಿಲ್ಲವಲ್ಲ, ಅನ್‌ಸೈನ್ಡ್ ಮಾಡೋಣ" ಎಂದು ಯಾರೋ ಕೋಡ್ ಚೊಕ್ಕ ಮಾಡಿದ ದಿನ ಬಗ್ ಹುಟ್ಟುತ್ತದೆ. ಅಲೈನ್_ಡೌನ್ ಅಥವಾ ರೌಂಡ್_ಡೌನ್ ಬಳಸಿ, ಅವು ಮಾಸ್ಕನ್ನು ವಿಳಾಸದ ಟೈಪಿಗೆ ಹೊಂದಿಸಿಕೊಳ್ಳುತ್ತವೆ.

ಪೂರ್ತಿ 1 ಆಗುವುದು ಹೀಗೆ: 1 << 31 ಎಂಬುದು ಇಂಟ್, ಅಂದರೆ ಮೈನಸ್. ಯು64ಗೆ ಹಾಕಿದರೆ ಮೇಲಿನ 32 ಬಿಟ್ ಎಲ್ಲ 1. ಬಿಟ್_ಯುಎಲ್‌ಎಲ್ (31) ಬರೆಯಿರಿ. ಇದರ ಅಡಗಿದ ರೂಪ ಬೈಟ್‌ಗಳನ್ನು ಜೋಡಿಸುವಾಗ ಬರುತ್ತದೆ. ಯು8 ಬೈಟನ್ನು << 24 ಮಾಡಿದರೆ ಸಿ ನಿಯಮದಂತೆ ಅದು ಮೊದಲು ಇಂಟ್ ಆಗುತ್ತದೆ. ಬೈಟ್ 127ರ ತನಕ ಇದ್ದರೆ ಏನೂ ಇಲ್ಲ, 128 ಅಥವಾ ಹೆಚ್ಚಾದರೆ ಮೈನಸ್. ಕೈಯಲ್ಲಿ ಜೋಡಿಸುವ ಬದಲು ಗೆಟ್_ಅನ್‌ಅಲೈನ್ಡ್_ಎಲ್‌ಇ32 ಬಳಸಿ.

ಈಸ್_ಎರ್ ಎಂದರೇನು? ಪಾಯಿಂಟರಿನೊಳಗೆ ಎರರ್ ನಂಬರ್ ಹೇಗೆ ಕೂರುತ್ತದೆ?

ವಿಳಾಸ ಶ್ರೇಣಿಯ ಕಟ್ಟಕಡೆಯ 4095 ಬೆಲೆಗಳು ಯಾವ ನಿಜ ವಸ್ತುವಿಗೂ ಸಿಗುವುದಿಲ್ಲ. ಮೈನಸ್ 1ರಿಂದ ಮೈನಸ್ 4095ರ ತನಕದ ಎರರ್‌ಗಳನ್ನು ಕರ್ನಲ್ ಅಲ್ಲಿ ಇಡುತ್ತದೆ. ಎರ್_ಪಿಟಿಆರ್ ಒಳಗೆ ಹಾಕುತ್ತದೆ, ಪಿಟಿಆರ್_ಎರ್ ಹೊರಗೆ ತೆಗೆಯುತ್ತದೆ, ಈಸ್_ಎರ್ ಪರೀಕ್ಷಿಸುತ್ತದೆ. ಇಂಥ ಫಂಕ್ಷನ್‌ನ ಉತ್ತರವನ್ನು ನಲ್ ಜೊತೆ ಹೋಲಿಸಿದರೆ ಎರರ್ ಕೈತಪ್ಪುತ್ತದೆ.

ಕಾಸ್ಟ್ ತಪ್ಪಾಗುವ ಜಾಗ ಈಸ್_ಎರ್_ವ್ಯಾಲ್ಯೂ. ಅದಕ್ಕೆ ಅನ್‌ಸೈನ್ಡ್ ಲಾಂಗ್ ಬೇಕು. ಮೆಮೊರಿ ಇಲ್ಲ ಎಂಬ ಎರರ್ ಮೈನಸ್ 12. ಅದನ್ನು ಅನ್‌ಸೈನ್ಡ್ ಇಂಟ್‌ನಲ್ಲಿ ಇಟ್ಟುಕೊಂಡರೆ 4,29,49,67,284. 64 ಬಿಟ್‌ಗೆ ಹಿಗ್ಗಿದಾಗ ಮೇಲೆಲ್ಲ ಸೊನ್ನೆ, ಕೊನೆಯ 4095ರ ಹತ್ತಿರಕ್ಕೂ ಬರುವುದಿಲ್ಲ. ಎರರ್ ಆದದ್ದು ಎರರ್ ಅಲ್ಲ ಎಂಬ ಉತ್ತರ ಬರುತ್ತದೆ. 32 ಬಿಟ್ ಬೋರ್ಡಿನಲ್ಲಿ ಇದೇ ಕೋಡ್ ಸರಿ. ಸಾದಾ ಇಂಟ್ ಎರರ್‌ಗೆ ಸೊನ್ನೆಗಿಂತ ಕಡಿಮೆಯೇ ಎಂದು ನೋಡಿದರೆ ಸಾಕು, ಈ ಮ್ಯಾಕ್ರೋ ಬೇಡವೇ ಬೇಡ.

ಯೂಸರ್ ಪ್ರೋಗ್ರಾಮಿನಿಂದ ಐಒಸಿಟಿಎಲ್ (ಡ್ರೈವರಿಗೆ ಆಜ್ಞೆ ಕಳಿಸುವ ಸಿಸ್ಟಮ್ ಕಾಲ್) ಮೂಲಕ ಪಾಯಿಂಟರ್ ಬರುತ್ತದೆ. ಹೇಗೆ ತೆಗೆದುಕೊಳ್ಳುವುದು?

ಸ್ಟ್ರಕ್ಟ್‌ನಲ್ಲಿ ಪಾಯಿಂಟರ್ ಇಡಬೇಡಿ, ಯು64 ಇಡಿ. 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಮ್ ಓಡಿದರೆ ಪಾಯಿಂಟರ್‌ನ ಅಗಲ ಬೇರೆ, ಸ್ಟ್ರಕ್ಟ್ ಆಕಾರವೇ ಬೇರೆಯಾಗುತ್ತದೆ. ಯು64 ಆದರೆ ಎರಡೂ ಕಡೆ 8 ಬೈಟ್. ಒಂದು ಎಚ್ಚರ: 32 ಬಿಟ್ ಎಕ್ಸ್86ನಲ್ಲಿ ಸ್ಟ್ರಕ್ಟ್‌ನೊಳಗಿನ ಯು64 ನಾಲ್ಕು ಬೈಟ್ ಗಡಿಯಲ್ಲೂ ಕೂರುತ್ತದೆ, ಬೇರೆ ಕಡೆ ಎಂಟರ ಗಡಿ. ಯು32 ಒಂದು ಬಂದು ಮುಂದೆ ಯು64 ಇದ್ದರೆ ನಡುವೆ ನೀವೇ ಇನ್ನೊಂದು ಯು32 ಖಾಲಿ ಫೀಲ್ಡ್ ಹಾಕಿ, ಅದು ಸೊನ್ನೆಯೇ ಎಂದು ಪರೀಕ್ಷಿಸಿ.

ಕರ್ನಲ್ ಒಳಗೆ ಯು64_ಟು_ಯೂಸರ್_ಪಿಟಿಆರ್ ಮ್ಯಾಕ್ರೋದಿಂದ ಪಾಯಿಂಟರ್ ಮಾಡಿ, ಕಾಪಿ_ಫ್ರಮ್_ಯೂಸರ್‌ಗೆ ಕೊಡಿ. ಮ್ಯಾಕ್ರೋ ಬದಲಿಸುವುದು ಟೈಪನ್ನು ಮಾತ್ರ, ವಿಳಾಸ ಯೂಸರ್ ಶ್ರೇಣಿಯಲ್ಲಿದೆಯೇ ಎಂದು ನೋಡುವುದು ಕಾಪಿ ಫಂಕ್ಷನ್. ಅದು ಹಿಂತಿರುಗಿಸುವುದು ನಕಲಾಗದೆ ಉಳಿದ ಬೈಟ್‌ಗಳ ಸಂಖ್ಯೆ. ಅದನ್ನೇ ಎರರ್ ಎಂದು ಮೇಲಕ್ಕೆ ಕಳಿಸಬೇಡಿ, ಸೊನ್ನೆಯಲ್ಲದಿದ್ದರೆ ಮೈನಸ್ 14 (ಇಫಾಲ್ಟ್) ಕೊಡಿ.

ಪಾಯಿಂಟರಿಗೆ ಹಚ್ಚಿದ "ಇದು ಯೂಸರ್ ವಿಳಾಸ" ಎಂಬ ಗುರುತು ತೆಗೆದು ಕರ್ನಲ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿ ನೇರ ಓದುವವರಿದ್ದಾರೆ. ಕೆಎ-18 ಗಾಡಿಗೆ ಕೆಎ-13 ಪ್ಲೇಟ್ ಹಾಕಿದರೆ ಅದು ಹಾಸನದ ಗಾಡಿ ಆಗಿಬಿಡುತ್ತದೆಯೇ? ಆ ವಿಳಾಸದ ಬದಲು ಯಾರಾದರೂ ಬೇಕೆಂದೇ ಕರ್ನಲ್ ವಿಳಾಸ ಕಳಿಸಿದರೆ, ನಿಮ್ಮ ಡ್ರೈವರ್ ಅದನ್ನೂ ಓದಿ ಅವರ ಕೈಗಿಡುತ್ತದೆ. ಸ್ಪಾರ್ಸ್ ಎಂಬ ಪರೀಕ್ಷಕ ಇಂಥ ಪ್ಲೇಟ್ ಬದಲಾವಣೆ ಹಿಡಿಯಲೆಂದೇ ಹುಟ್ಟಿದ್ದು. ಅದರ ಬಾಯಿ ಮುಚ್ಚಿಸುವ ಫೋರ್ಸ್ ಗುರುತು ಡ್ರೈವರ್‌ನಲ್ಲಿ ಕಂಡರೆ ಹತ್ತಕ್ಕೆ ಒಂಬತ್ತು ಸಲ ವಿನ್ಯಾಸವೇ ತಪ್ಪಿದೆ ಎಂದುಕೊಳ್ಳಿ.

ಡೇಟಾಶೀಟ್‌ನಲ್ಲಿ ರಿಜಿಸ್ಟರ್ ವಿಳಾಸ ಇದೆ. ಅದನ್ನೇ ಪಾಯಿಂಟರ್ ಮಾಡಿದರೆ?

ಮೈಕ್ರೋಕಂಟ್ರೋಲರ್‌ನಲ್ಲಿ ನಡೆಯುತ್ತದೆ, ಅಲ್ಲಿಂದ ಬಂದವರು ಮೊದಲು ಎಡವುವುದೇ ಇಲ್ಲಿ. ಲಿನಕ್ಸ್‌ನಲ್ಲಿ ಎಂಎಂಯು (ವರ್ಚುವಲ್ ವಿಳಾಸವನ್ನು ಫಿಸಿಕಲ್ ವಿಳಾಸಕ್ಕೆ ಬದಲಿಸುವ ಘಟಕ) ಚಾಲೂ ಇದೆ. ಡೇಟಾಶೀಟ್ ಕೊಡುವುದು ಫಿಸಿಕಲ್ ವಿಳಾಸ, ಪಾಯಿಂಟರ್ ವರ್ಚುವಲ್. ಐಒರಿಮ್ಯಾಪ್ ಮಾಡಿ, ಬಂದ ಐಒಮೆಮ್ ಪಾಯಿಂಟರನ್ನು ರೀಡ್‌ಎಲ್, ರೈಟ್‌ಎಲ್ ಮೂಲಕವೇ ಮುಟ್ಟಿ. ಯು32 ಪಾಯಿಂಟರಿಗೆ ಕಾಸ್ಟ್ ಮಾಡಿ ನೇರ ಬರೆದರೆ ಕಂಪೈಲರ್ ಎರಡು ಬರಹಗಳನ್ನು ಒಂದು ಮಾಡಬಹುದು, ಕ್ರಮ ತಪ್ಪಿಸಬಹುದು.

ಫಿಸಿಕಲ್ ವಿಳಾಸ ಇಡಲು ಫಿಸ್_ಆಡ್ರ್_ಟಿ, ಡಿಎಂಎಗೆ (ಪ್ರೊಸೆಸರ್ ನೆರವಿಲ್ಲದೆ ಹಾರ್ಡ್‌ವೇರ್ ನೇರ ಮೆಮೊರಿ ಮುಟ್ಟುವುದು) ಡಿಎಂಎ_ಆಡ್ರ್_ಟಿ. ಎಲ್‌ಪಿಎಇ (ದೊಡ್ಡ ಫಿಸಿಕಲ್ ವಿಳಾಸದ ಸೌಲಭ್ಯ) ಇರುವ 32 ಬಿಟ್ ಎಆರ್‌ಎಂನಲ್ಲಿ ಫಿಸಿಕಲ್ ವಿಳಾಸ 40 ಬಿಟ್, ಪಾಯಿಂಟರ್ 32 ಬಿಟ್. ಅನ್‌ಸೈನ್ಡ್ ಲಾಂಗ್‌ನಲ್ಲೂ ಹಿಡಿಯುವುದಿಲ್ಲ. ವರ್ಟ್_ಟು_ಫಿಸ್ ಡೈರೆಕ್ಟ್ ಮ್ಯಾಪ್ ಮೆಮೊರಿಗೆ ಮಾತ್ರ. ವಿಮ್ಯಾಲಕ್ (ಚದುರಿದ ಪೇಜ್‌ಗಳನ್ನು ಒಂದೇ ಸಾಲಾಗಿ ತೋರಿಸುವ ಮೆಮೊರಿ) ವಿಳಾಸ ಕೊಟ್ಟರೆ ಬರುವುದು ಕಸ, ಡಿಎಂಎ ಯಂತ್ರ ಆ ಕಸದ ವಿಳಾಸಕ್ಕೇ ಬರೆಯುತ್ತದೆ.

ಯು32 ವೇರಿಯಬಲ್‌ನ ವಿಳಾಸವನ್ನು ಅನ್‌ಸೈನ್ಡ್ ಲಾಂಗ್ ಪಾಯಿಂಟರಿಗೆ ಕಾಸ್ಟ್ ಮಾಡಿ ಸೆಟ್_ಬಿಟ್‌ಗೆ ಕೊಡಬಹುದೇ?

ಕೊಡಬಾರದು. 64 ಬಿಟ್‌ನಲ್ಲಿ ಸೆಟ್_ಬಿಟ್ 8 ಬೈಟ್ ಮುಟ್ಟಬಹುದು, ನಿಮ್ಮದು 4 ಬೈಟ್. ಪಕ್ಕದ ಫೀಲ್ಡ್ ಓದಿ ಬರೆದಂತಾಗುತ್ತದೆ. ಬಿಗ್ ಎಂಡಿಯನ್ (ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುವ) ಯಂತ್ರದಲ್ಲಿ ಬಿಟ್ ಬೀಳುವುದೇ ಪಕ್ಕದ ಫೀಲ್ಡಿನಲ್ಲಿ. ವೇರಿಯಬಲ್ಲನ್ನೇ ಅನ್‌ಸೈನ್ಡ್ ಲಾಂಗ್ ಮಾಡಿ. ಬೈಟ್ ಬಫರಿನ ನಡುವಿನ ವಿಳಾಸವನ್ನು ಯು32 ಪಾಯಿಂಟರ್ ಮಾಡಿ ಓದುವುದೂ ಇದೇ ಜಾತಿ, ಎಕ್ಸ್86 ಸಹಿಸುತ್ತದೆ, ಎಲ್ಲ ಎಆರ್‌ಎಂಗಳೂ ಸಹಿಸುವುದಿಲ್ಲ.

ಫಂಕ್ಷನ್ ಪಾಯಿಂಟರ್ ಕಾಸ್ಟ್?

ಬೇಡ. ಕರ್ನಲ್ 6.1ರಿಂದ (2022ರ ಡಿಸೆಂಬರ್) ಕೆಸಿಎಫ್‌ಐ (ಪಾಯಿಂಟರ್ ಮೂಲಕ ಕರೆಯುವ ಫಂಕ್ಷನ್‌ನ ಟೈಪ್ ಪರೀಕ್ಷಿಸುವ ಕಾವಲು) ಇದೆ. ಅದನ್ನು ಚಾಲೂ ಮಾಡಿದ ಕರ್ನಲ್‌ನಲ್ಲಿ ಕರೆಯುವವರ ಟೈಪೂ ಫಂಕ್ಷನ್ ಟೈಪೂ ಹೊಂದದಿದ್ದರೆ ಕರೆದ ಕ್ಷಣವೇ ಟ್ರ್ಯಾಪ್. ನಿಜವಾದ ಟೈಪಿನ ಚಿಕ್ಕ ಫಂಕ್ಷನ್ ಬರೆದು, ಅದರೊಳಗೆ ಕಂಟೇನರ್_ಆಫ್‌ನಿಂದ (ಫೀಲ್ಡಿನ ವಿಳಾಸದಿಂದ ಇಡೀ ಸ್ಟ್ರಕ್ಟ್‌ನ ವಿಳಾಸ ಕೊಡುವ ಮ್ಯಾಕ್ರೋ) ನಿಮ್ಮ ಸ್ಟ್ರಕ್ಟ್ ಹಿಡಿಯಿರಿ.

ವಿಳಾಸ ಪ್ರಿಂಟ್ ಮಾಡಿದರೆ ಸಂಬಂಧವಿಲ್ಲದ ಸಂಖ್ಯೆ ಬರುತ್ತದೆ. ಲಾಂಗ್‌ಗೆ ಕಾಸ್ಟ್ ಮಾಡಿ ಪ್ರಿಂಟ್ ಮಾಡಲೇ?

4.15ರಿಂದ (2018) ಪ್ರಿಂಟ್‌ಕೆಯ %ಪಿ ವಿಳಾಸವನ್ನು ಹ್ಯಾಶ್ ಮಾಡಿ ತೋರಿಸುತ್ತದೆ, ಬೇಕೆಂದೇ. ನಿಜ ವಿಳಾಸ ಲಾಗ್‌ಗೆ ಹೋದರೆ ಕರ್ನಲ್ ಎಲ್ಲಿ ಕೂತಿದೆ ಎಂದು ದಾಳಿಕೋರರಿಗೆ ಹೇಳಿಕೊಟ್ಟ ಹಾಗೆ. ನಿಮ್ಮ ಮೇಜಿನ ಮೇಲೆ ಡಿಬಗ್ ಮಾಡಲು %ಪಿಎಕ್ಸ್ ಹಾಕಿ, ಕೋಡ್ ಹೊರಗೆ ಕಳಿಸುವ ಮೊದಲು ಹುಡುಕಿ ತೆಗೆಯಿರಿ. ಹುಡುಕಲು ಸುಲಭ ಎಂಬುದೇ ಕಾಸ್ಟ್‌ಗಿಂತ ಅದರ ಮೇಲು.

ಸೈಜ್_ಟಿಯನ್ನು ಇಂಟ್‌ಗೆ ಹಾಕಿದರೆ ನಿಜವಾಗಿ ಅನಾಹುತ ಆಗಿದೆಯೇ?

ಆಗಿದೆ. 2021ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆ ಹೊರಹಾಕಿದ ಸಿಕ್ವೋಯಾ ದೋಷ (ಸಿವಿಇ-2021-33909). ಸೀಕ್ ಫೈಲ್ (/proc ಥರದ ಫೈಲುಗಳಿಗೆ ಕರ್ನಲ್ ಪಠ್ಯ ಕೊಡುವ ವ್ಯವಸ್ಥೆ) ಬಫರ್ ಸಾಲದಾದಾಗಲೆಲ್ಲ ಎರಡರಷ್ಟು ಬೆಳೆಯುತ್ತಿತ್ತು, ಗಾತ್ರ ಸೈಜ್_ಟಿಯಲ್ಲಿ. ಒಟ್ಟು ಉದ್ದ 1 ಜಿಬಿ ದಾಟುವಷ್ಟು ಆಳದ ಡೈರೆಕ್ಟರಿ ಮಾಡಿದರೆ ಬಫರ್ 2 ಜಿಬಿ ಆಗುತ್ತಿತ್ತು. ಮುಂದಿನ ಫಂಕ್ಷನ್ ಆ ಗಾತ್ರವನ್ನು ಇಂಟ್ ಆಗಿ ತೆಗೆದುಕೊಳ್ಳುತ್ತಿತ್ತು. 2 ಜಿಬಿ ಇಂಟ್‌ನಲ್ಲಿ ಮೈನಸ್ 2,14,74,83,648. ಬಫರಿನ ಕೊನೆಯಿಂದ ಬರೆಯಬೇಕಾದ 10 ಬೈಟ್, ಬಫರಿನ ಶುರುವಿಗಿಂತ 2 ಜಿಬಿ ಹಿಂದೆ ಹೋಗಿ ಬಿದ್ದವು. ಅಷ್ಟರಿಂದಲೇ ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು. ಅಲ್ಲಿ ಯಾರೂ ಕಾಸ್ಟ್ ಬರೆದಿರಲಿಲ್ಲ ಎಂಬುದನ್ನು ಗಮನಿಸಿ. ಫಂಕ್ಷನ್‌ಗೆ ಕೊಡುವಾಗ ತಾನೇ ಆದ ಬದಲಾವಣೆ ಅದು.

ಹೊರಗಿನಿಂದ ಬಂದ ಎಣಿಕೆಯನ್ನು ಗುಣಿಸಿ ಕೆಮ್ಯಾಲಕ್‌ಗೆ ಕೊಡುವ ಬದಲು ಕೆಮ್ಯಾಲಕ್_ಅರೇ ಬಳಸಿ, ಬಾಲದಲ್ಲಿ ಅರೇ ಇರುವ ಸ್ಟ್ರಕ್ಟ್‌ಗೆ ಸ್ಟ್ರಕ್ಟ್_ಸೈಜ್ ಬಳಸಿ. ಲೆಕ್ಕ ಮೀರಿದರೆ ಇವು ಚಿಕ್ಕ ಗಾತ್ರಕ್ಕೆ ಸುತ್ತಿ ಬರುವುದಿಲ್ಲ, ಮೆಮೊರಿ ಸಿಗದೆ ಹೋಗುತ್ತದೆ. ಬೇರೆ ಲೆಕ್ಕಕ್ಕೆ ಚೆಕ್_ಮಲ್_ಓವರ್‌ಫ್ಲೋ. ಮಿನ್_ಟಿಗೆ ಟೈಪ್ ಆಗಿ ಇಂಟ್ ಕೊಡುವಾಗಲೂ ಹುಷಾರು: ದೊಡ್ಡ ಸೈಜ್_ಟಿ ಮೈನಸ್ ಆಗಿ, "ಚಿಕ್ಕದು ಇದೇ" ಎಂದು ಗೆದ್ದುಬಿಡುತ್ತದೆ.

32 ಬಿಟ್‌ನಲ್ಲಿ ಭಾಗಾಕಾರಕ್ಕೆ ಲಿಂಕ್ ಎರರ್ ಬರುತ್ತದೆ. ಯು32ಗೆ ಕಾಸ್ಟ್ ಮಾಡಿದರೆ ಹೋಗುತ್ತದೆ, ಸರಿಯೇ?

ಎರರ್ ಹೋಗುತ್ತದೆ, ಅದರ ಜೊತೆ ಮೇಲಿನ 32 ಬಿಟ್ಟೂ ಹೋಗುತ್ತವೆ. 64 ಬಿಟ್ ಸಂಖ್ಯೆಯನ್ನು ಡಿವ್_ಯು64ನಿಂದ ಭಾಗಿಸಿ. ಅದರ ಭಾಜಕ 32 ಬಿಟ್. ಭಾಜಕವೂ 64 ಬಿಟ್ ಆದರೆ ಡಿವ್64_ಯು64.

ಇವನ್ನೆಲ್ಲ ಕೈಯಲ್ಲಿ ಹುಡುಕಲು ಆಗುವುದಿಲ್ಲ. ಟೂಲ್ ಏನಿದೆ?

ಮೇಕ್ ಆಜ್ಞೆಗೆ ಡಬ್ಲ್ಯೂ=1 ಕೊಟ್ಟು ಬಿಲ್ಡ್ ಮಾಡಿ, ಆಮೇಲೆ ಸಿ=2 ಕೊಟ್ಟು ಸ್ಪಾರ್ಸ್ ಓಡಿಸಿ. ಅದೇ ಮಾಡ್ಯೂಲನ್ನು 32 ಬಿಟ್‌ಗೂ 64 ಬಿಟ್‌ಗೂ ಕಂಪೈಲ್ ಮಾಡಿ. ಅರ್ಧದಷ್ಟು ತಪ್ಪು ಈ ಹಂತದಲ್ಲೇ ವಾರ್ನಿಂಗ್ ಆಗಿ ಬರುತ್ತದೆ, ಬೋರ್ಡ್ ಬೇಕಿಲ್ಲ. ಓಡಿಸುವಾಗ ಕೆಎಸ್ಯಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುತ್ತದೆ) ಮತ್ತು ಯುಬಿಸ್ಯಾನ್ (ಸಿ ನಿಯಮ ಮೀರಿದ ಲೆಕ್ಕ ಹಿಡಿಯುತ್ತದೆ) ಚಾಲೂ ಮಾಡಿದ ಕರ್ನಲ್ ಬಳಸಿ. ಕ್ಯೂಎಮುನಲ್ಲಿ (ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಓಡಿಸುವವರು ಮೆಮೊರಿ 6 ಜಿಬಿ ಕೊಡಿ. 2 ಜಿಬಿ ಕೊಟ್ಟರೆ ಫಿಸಿಕಲ್ ವಿಳಾಸಗಳೆಲ್ಲ 32 ಬಿಟ್‌ನಲ್ಲೇ ಹಿಡಿದು, ತಪ್ಪು ಕೋಡೂ ಪಾಸ್ ಆಗುತ್ತದೆ.

ಕನ್ವರ್ಶನ್ ವಾರ್ನಿಂಗ್ ಪೂರ್ತಿ ಹಚ್ಚಿದರೆ ಕರ್ನಲ್ ಹೆಡರ್‌ಗಳಿಂದಲೇ ರಾಶಿ ಸುರಿಯುತ್ತದೆ, ನಿಮ್ಮದು ಅದರಲ್ಲಿ ಮುಳುಗುತ್ತದೆ. ಕ್ಲ್ಯಾಂಗ್‌ನಲ್ಲಿ 64ರಿಂದ 32ಕ್ಕೆ ಕುಗ್ಗುವುದನ್ನು ಮಾತ್ರ ಹೇಳುವ ವಾರ್ನಿಂಗ್ ಬೇರೆಯೇ ಇದೆ. ಅದನ್ನು ನಿಮ್ಮ ಫೈಲಿಗಷ್ಟೇ ಹಚ್ಚಿ, ಬಂದ ಸಾಲುಗಳನ್ನು ಒಂದೊಂದಾಗಿ ಓದಿ. ಕಾಸ್ಟ್ ಉಳಿಸಿಕೊಂಡ ಕಡೆ ಬೆಲೆ ಯಾಕೆ ಹಿಡಿಯುತ್ತದೆ ಎಂದು ಮೇಲೆ ಒಂದು ಸಾಲು ಕಾಮೆಂಟ್ ಬರೆಯಿರಿ. ಬರೆಯಲು ಕಾರಣ ಸಿಗದಿದ್ದರೆ ಟೈಪ್ ಬದಲಿಸಿ.